ತಾತನ ಕಾರಿನ ಕೆಂಪು

“ಇವುಗಳಲ್ಲಿ ಯಾವ್ದು ತಾತಾ? ಸರ್ಯಾಗಿ ನೋಡಿ ಹೇಳು,” ಎಂದಳು ಬನಶ್ರೀ.

ಜಗುಲಿಯ ಮೇಲೆ ಅವಳು ಬಣ್ಣದ ಪುಟ್ಟ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ಅಂಗೈಯಷ್ಟೇ ಉದ್ದದ ರೇಸ್ ಕಾರು. ಪ್ಲಾಸ್ಟಿಕ್ಕಿನ ಬಿಡಿ ಭಾಗಗಳನ್ನೆಲ್ಲ ಅವಳೇ ಅಂಟಿಸಿ ಜೋಡಿಸಿದ್ದಳು. ಇನ್ನು ಬಣ್ಣವೊಂದೇ ಬಾಕಿ.

ತಾತ ಶಂಕರಯ್ಯ ಕಲ್ಯಾಣದುರ್ಗದಲ್ಲಿ ಮೆಕ್ಯಾನಿಕ್ ಶೆಡ್ ಹಾಕುವ ಮೊದಲು ಮದ್ರಾಸಿನಲ್ಲಿ ರೇಸ್ ಕಾರುಗಳ ಇಂಜಿನ್ ನೋಡಿಕೊಳ್ಳುತ್ತಿದ್ದರು. ಅವರ ಕೈಯಲ್ಲಿದ್ದ ಕಾರು ಒಮ್ಮೆ ಫಸ್ಟ್ ಬಂದಿತ್ತು. ಗೋಡೆಯ ಫೋಟೋದಲ್ಲಿ ಅದೇ ಕಾರು, ಪಕ್ಕದಲ್ಲಿ ತೆಳ್ಳಗಿನ ತಾತ. ಆದರೆ ಫೋಟೋ ಬ್ಲ್ಯಾಕ್ ಅಂಡ್ ವೈಟ್.

“ಕೆಂಪು ಕಾರು ಕಣಮ್ಮ” ಎಂದು ತಾತ ಫೋನಿನಲ್ಲಿ ಹೇಳಿದ್ದರು. ಬನಶ್ರೀಗೆ ಅಷ್ಟು ಸಾಕಾಗಲಿಲ್ಲ. ಹೋದ ವರ್ಷ ಶಾಲೆಯ ಎಕ್ಸಿಬಿಷನ್‌ಗೆ ಅವಳು ಪೆನುಕೊಂಡದ ಕೋಟೆ ಮಾಡಿ, ಚೆಂದ ಕಾಣಲಿ ಎಂದು ನೀಲಿ ಬಳಿದಿದ್ದಳು. “ಕೋಟೆ ನೀಲಿ ಇತ್ತಾ?” ಎಂದು ಕ್ಲಾಸೆಲ್ಲ ನಕ್ಕಿತ್ತು. ಈ ಸಲದ ಎಕ್ಸಿಬಿಷನ್‌ಗೆ ತಾತನ ಕಾರು ಮಾಡುವಾಗ ಹಾಗಾಗಬಾರದು. ಕೆಂಪಿನಲ್ಲೇ ಎಷ್ಟೊಂದು ಬಗೆ! ಅದಕ್ಕೇ ಭಾನುವಾರ ಅಪ್ಪನ ಜೊತೆ ಹಿಂದೂಪುರದಿಂದ ಬಸ್ ಹತ್ತಿ ಬಂದುಬಿಟ್ಟಿದ್ದಳು.

ತಾತ ಕನ್ನಡಕ ಹಾಕಿಕೊಂಡು ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದರು. ಮೆಣಸಿನಕಾಯಿ ಕೆಂಪು ಬೇಡವೆಂದರು. ಕುಂಕುಮದ ಕೆಂಪನ್ನೂ ಪಕ್ಕಕ್ಕಿಟ್ಟರು. ಕೊನೆಗೆ ಒಂದನ್ನು ಎತ್ತಿದಾಗ ಅವರ ಮುಖ ಅರಳಿತು.

“ಇದಿಗೋ! ಇದೇ ಕಣಮ್ಮ ನಮ್ ಕಾರಿನ ಕೆಂಪು!”

ಅದು ಕಡು ಹಸಿರು. ಕಾರು ನಿಲ್ಲಿಸುವ ಹಲಗೆಯ ಮೇಲೆ ಹುಲ್ಲು ಬರೆಯಲೆಂದು ತಂದದ್ದು. ಹೇಗೋ ಸಾಲಿನಲ್ಲಿ ಸೇರಿಬಿಟ್ಟಿತ್ತು.

ಬನಶ್ರೀ ನಕ್ಕಳು. “ತಮಾಷೆ ಮಾಡ್ಬೇಡ ತಾತಾ!”

“ತಮಾಷೆ ಯಾಕೆ? ಆ ಕಾರ್ನ ದಿನಾ ಒರೆಸ್ತಿದ್ದೋನು ನಾನು. ನಂಗ್ ಗೊತ್ತಾಗಲ್ವಾ?”

ತಾತ ನಗುತ್ತಿರಲಿಲ್ಲ. ಬನಶ್ರೀಯ ನಗು ನಿಂತಿತು. “ನೀರ್ ಕುಡ್ಕಂಡ್ ಬತ್ತೀನಿ” ಎಂದು ಅಡುಗೆಮನೆಗೆ ಓಡಿದಳು.

ಅಜ್ಜಿ ಕದಿರಮ್ಮ ಕಡಲೆಬೀಜ ಹುರಿಯುತ್ತಿದ್ದರು.

“ಅಜ್ಜೀ, ತಾತ ಹಸಿರು ತೋರ್ಸಿ ಕೆಂಪು ಅಂತಾರೆ!” ಬನಶ್ರೀ ಪಿಸುಗುಟ್ಟಿದಳು.

ಅಜ್ಜಿ ಒಲೆ ಸಣ್ಣಗೆ ಮಾಡಿದರು. “ಅವ್ರ ಕಣ್ಣಿಗೆ ಕೆಂಪು, ಹಸಿರು ಎಲ್ಡೂ ಒಂದೇ ತರ ಕಾಣ್ತವೆ ಕಣಮ್ಮ. ಹುಟ್ಟಿದಾಗಿಂದ ಅಂಗೇ. ಸಣ್ಣೋರಿದ್ದಾಗ ಮಗ್ಗದಾಗೆ ಕೆಂಪು ಅಂಚಿಗೆ ಹಸಿರು ನೂಲು ಹಾಕ್ಬುಟ್ರಂತೆ. ಬೇಕಂತ್ಲೇ ಮಾಡ್ದ ಅಂತ ಅವ್ರಪ್ಪ ಹೊಡುದ್ರು. ಆಮ್ಯಾಕೆ ಮಗ್ಗ ಬಿಟ್ಟು ಮೆಕ್ಯಾನಿಕ್ ಕೆಲ್ಸಕ್ಕೆ ಹೋಗ್ಬುಟ್ರು.”

“ಹಂಗಾದ್ರೆ ಕಾರು ನಿಜವಾಗ್ಲೂ ಯಾವ ಬಣ್ಣ?”

“ಮದ್ವೆಯಾದ ಹೊಸದ್ರಾಗೆ ನಾನೂ ನೋಡಿದ್ದೀನಿ. ಹಸಿರು. ಬಲಿತ ಬೇವಿನೆಲೆ ಇರ್ತದಲ್ಲ, ಅಂಥ ಹಸಿರು.”

“ಮತ್ತೆ ನೀನ್ಯಾಕೆ ಹೇಳ್ಲಿಲ್ಲ?”

ಅಜ್ಜಿ ಸ್ವಲ್ಪ ಹೊತ್ತು ಬೀಜ ಕೆದಕಿದರು. “ಬೇರೆ ಬಣ್ಣ ಎಲ್ಲಾ ನನ್ನೇ ಕೇಳ್ತಾರೆ. ಒಂದ್ ಷರ್ಟ್ ತಗಳಾಕೂ ಕೇಳ್ತಾರೆ. ಆ ಕಾರಿನ ಬಣ್ಣ ಒಂದ್ನ ಮಾತ್ರ ಯಾರ್ನೂ ಕೇಳ್ದೆ ಹೇಳ್ತಾರೆ. ಅದ್ನೂ ತಪ್ಪು ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ ಕಣಮ್ಮ.”

ಬನಶ್ರೀ ಮೆಲ್ಲಗೆ ಜಗುಲಿಗೆ ಬಂದಳು. ಕೆಂಪು ಬಳಿದರೆ ಅದು ಆ ಕಾರೇ ಅಲ್ಲ. ಹಸಿರು ಬಳಿದರೆ ತಾತನ ಕೆಂಪಿನ ಗತಿ?

ತಾತ ಇನ್ನೂ ಅದೇ ಬಾಟಲಿ ಹಿಡಿದು ಕೂತಿದ್ದರು. ಬನಶ್ರೀ ಬಾಟಲಿಯನ್ನೇ ನೋಡಿದಳು. ಬಲಿತ ಬೇವಿನೆಲೆಯ ಹಸಿರು. ಮೆಣಸಿನಕಾಯಿ ಬೇಡವೆಂದು, ಕುಂಕುಮ ಬೇಡವೆಂದು, ಅಷ್ಟೂ ಬಾಟಲಿಗಳಲ್ಲಿ ತಾತ ಇದೊಂದನ್ನೇ ಹುಡುಕಿ ತೆಗೆದಿದ್ದರು.

“ಕೊಡು ತಾತಾ,” ಎಂದಳು. ಮುಚ್ಚಳ ತೆಗೆದು ಬ್ರಷ್ ಅದ್ದಿದಳು.

ಕಾರಿಗೆಲ್ಲ ಬಣ್ಣ ಬಳಿದಾಗುವ ಹೊತ್ತಿಗೆ ಅಂಗಡಿಗೆ ಹೋಗಿದ್ದ ಅಪ್ಪ ಆನಂದಕುಮಾರ್ ಬಂದರು. ಮಾವನ ಕಣ್ಣಿನ ಈ ವಿಷಯ ಅವರಿಗೂ ಗೊತ್ತಿರಲಿಲ್ಲ.

“ಇದೇನ್ ಬನಾ, ಕೆಂಪು ಅಂತಿದ್ದೆ. ಇದು ಹಸಿ...”

“ತಾತನೇ ಆರ್ಸಿದ್ದು ಅಪ್ಪಾ,” ಬನಶ್ರೀ ಥಟ್ಟನೆ ಹೇಳಿದಳು. “ಆ ಕಾರಿಂದು ಇದೇ ಬಣ್ಣ. ಅಜ್ಜೀನೂ ನೋಡಿದ್ದಾರೆ.”

ಅಪ್ಪ ಮಗಳ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದರು. “ಸರೇ ಮಾವಾ, ಚೆನ್ನಾಗೈತೆ” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ತಾತ ಕಾರಿನ ಮೇಲೆ ಬಗ್ಗಿದರು. ಕನ್ನಡಕ ಸರಿಮಾಡಿಕೊಂಡು ಸುತ್ತಲೂ ನೋಡಿದರು.

ಬನಶ್ರೀ ಕಣ್ಣು ಅರೆ ಮುಚ್ಚಿ ನೋಡಿದಳು, ಅವರಿಗೆ ಇದು ಹೇಗೆ ಕಾಣುತ್ತಿರಬಹುದು ಎಂದು. ಎಷ್ಟು ನೋಡಿದರೂ ಅವಳಿಗೆ ಹಸಿರೇ ಕಂಡಿತು.

“ಮೂತಿ ಹತ್ರ ಇನ್ನೊಂದ್ ಕೋಟ್ ಹಾಕಮ್ಮ,” ಎಂದರು ತಾತ. “ಅಲ್ಲಿ ಕೆಂಪು ತೆಳ್ಳಗಾಗೈತೆ.”

ಅವಳು ಗಮನಿಸಿಯೇ ಇರಲಿಲ್ಲ. ಹೌದು, ಅಲ್ಲಿ ಪ್ಲಾಸ್ಟಿಕ್ಕಿನ ಬಿಳುಪು ಇಣುಕುತ್ತಿತ್ತು.

“ಹೂಂ ತಾತಾ,” ಎಂದು ಬನಶ್ರೀ ಮತ್ತೆ ಬ್ರಷ್ ಅದ್ದಿದಳು.