ಹೂಜಿಗಿಡಕ್ಕೊಂದು ಗಂಡು

ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಹೂಜಿಗಿಡ ಕೊನೆಗೂ ಹೂ ಬಿಟ್ಟಿತು. ಎಲೆಯ ತುದಿಗೆ ಪುಟ್ಟ ಹೂಜಿ ತೂಗಿಸಿಕೊಂಡು, ಅದರೊಳಗೆ ಜಾರಿಬಿದ್ದ ಹುಳುಗಳನ್ನು ಕರಗಿಸಿ ಉಣ್ಣುವ ಗಿಡ ಅದು. ಅದರಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಉದ್ಯಾನದಲ್ಲಿದ್ದದ್ದು ಹೆಣ್ಣೊಂದೇ. ಗಂಡು ಗಿಡ ಉಳಿದಿದ್ದರೆ ಕಣಿವೆಯಾಚೆಯ ಬಿಳಿ ಬಂಡೆಯಲ್ಲಿ ಮಾತ್ರ. ಕಲ್ಲುಗಣಿಯವರು ಮರುದಿನವೇ ಆ ಬಂಡೆಯನ್ನು ಸಿಡಿಸುವವರಿದ್ದರು.

"ಬಿಟ್ಟುಬಿಡಮ್ಮ," ಎಂದರು ಉದ್ಯಾನದ ನಿರ್ದೇಶಕರು. "ಅದರ ಆಯಸ್ಸು ಮುಗೀತು. ಮಾದರಿಗೆ ಅಂತ ಎರಡು ಎಲೆ ಒಣಗಿಸಿ ಪೆಟ್ಟಿಗೇಲಿ ಇಟ್ಟರಾಯ್ತು."

ತೋಟಗಾರ್ತಿಗೆ ಮೈಯೆಲ್ಲ ಉರಿಯಿತು. ಬೆರಳುದ್ದದ ಕಡ್ಡಿಯಿಂದ ಆ ಗಿಡವನ್ನು ಬೆಳೆಸಿದವಳು ಅವಳು. "ಜೀವ ಇರೋದನ್ನ ಪೆಟ್ಟಿಗೇಲಿ ಇಡಲ್ಲ ಸಾರ್. ಅರಣ್ಯ ಇಲಾಖೆ ಅನುಮತಿ ಕೊಟ್ಟಿದೆ. ನಾನು ಹೋಗ್ತೀನಿ."

ಜೊತೆಗೆ ಹೊರಟವರು ಇಬ್ಬರೇ. ಬಂಡೆ ಹತ್ತುವುದನ್ನು ಕಲಿಸುವ ಅವಳ ಅಕ್ಕ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡಳು. ಆಂಬ್ಯುಲೆನ್ಸ್ ಓಡಿಸುವ ಭಾವನಿಗೆ ಏಣಿ ಕಂಡರೂ ಕಾಲು ನಡುಗುತ್ತಿತ್ತು. ಆದರೂ ಜೀಪು ಹೊರಡಿಸಿದರು.

"ನಿಮ್ಮಪ್ಪ ನಿಮ್ಮಕ್ಕನಿಗೆ ಗಂಡು ಹುಡುಕೋಕೂ ಇಷ್ಟು ಒದ್ದಾಡಿರಲಿಲ್ಲ," ಎಂದು ಗೊಣಗಿದರು ಭಾವ.

"ಅದಕ್ಕೇ ನೀವು ಸಿಕ್ಕಿದ್ದು," ಎಂದಳು ಅಕ್ಕ.

ಗಣಿಯ ಗೇಟಿನಲ್ಲಿ ಮೇಲ್ವಿಚಾರಕ ಅಡ್ಡ ನಿಂತ. "ಅನುಮತಿ ಕಾಡಿಗೆ. ರಸ್ತೆ ನಮ್ದು. ಇವತ್ತು ಪಕ್ಕದ ಬಂಡೆ ಸಿಡಿಸ್ತೀವಿ, ಕಲ್ಲು ಬಿದ್ರೆ ನನ್ನ ಕೇಳ್ಬೇಡಿ. ಹುಳ ತಿನ್ನೋ ಕಳೆಗೆ ಇಷ್ಟೊಂದು ರಂಪಾಟ!"

"ನಿಮ್ಮ ರಸ್ತೆ ನೀವೇ ಇಟ್ಕೊಳ್ಳಿ," ಎಂದಳು ತೋಟಗಾರ್ತಿ. "ಭಾವ, ತಿರುಗಿಸಿ ಗಾಡಿ."

ಬೆಟ್ಟದ ಹಿಂಬದಿಯ ಕೊರಕಲಿನ ಬಾಯಲ್ಲಿ ಜೀಪು ನಿಲ್ಲಿಸಿ ಹಳ್ಳಕ್ಕಿಳಿದರು. ನೀರು ಮೊಣಕಾಲಿನವರೆಗೆ ಬಂದು ಮೂಳೆ ಕೊರೆಯುತ್ತಿತ್ತು. ಎರಡೂ ಬದಿಯ ಗೋಡೆಗಳಲ್ಲಿ ಜರೀಗಿಡ, ಪಾಚಿ. ಮೇಲೆ ಕೊಂಬೆಗಳು ಹೆಣೆದುಕೊಂಡು ಬಿಸಿಲೇ ಕೆಳಗಿಳಿಯದಂತಾಗಿತ್ತು. ಜಾರುವ ಕಲ್ಲುಗಳನ್ನು ತಬ್ಬಿಕೊಂಡು ಹತ್ತುತ್ತ ಹೋದಂತೆ ಕೊರಕಲು ಕಿರಿದಾಯಿತು, ಆಮೇಲೆ ಒಮ್ಮೆಗೇ ತೆರೆದುಕೊಂಡಿತು. ಅವರು ಬಿಳಿ ಬಂಡೆಯ ನೆತ್ತಿಯ ಮೇಲೆ ನಿಂತಿದ್ದರು. ಕೆಳಗೆ ಒಂದು ಚಾಚುಗಲ್ಲು, ಅದರ ಮೇಲೆ ಕೆಂಪು ಹೂಜಿಗಳ ಗೊಂಚಲು.

ಅಕ್ಕ ಮರಕ್ಕೆ ಹಗ್ಗ ಬಿಗಿದಳು. ತೋಟಗಾರ್ತಿ ಅದರ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದಳು.

ಒಂದು ಗಿಡದಲ್ಲಿ ಹೂವಿಲ್ಲ. ಇನ್ನೊಂದರದು ಉದುರಿಹೋಗಿದೆ. ಮೂಲೆಯ ಗಿಡದ ಹೂತೆನೆ ಮುಟ್ಟಿದಳು. ಬೆರಳಿಗೆ ಹಳದಿ ಪುಡಿ ಅಂಟಿತು.

"ಗಂಡು ಸಿಕ್ಕಿದ!"

"ಒಪ್ಪಿದ್ನಾ ಕೇಳು," ಎಂದರು ಭಾವ ಕಣ್ಣು ಮುಚ್ಚಿಕೊಂಡೇ.

ಅವಳು ಪರಾಗವನ್ನು ಸೀಸೆಗೆ ಉದುರಿಸಿ ಅಂಗಿಯೊಳಗೆ ಇಟ್ಟುಕೊಂಡಳು. ಬೇರು ಬಿರುಕಿನ ಆಳಕ್ಕೆ ಹೊಕ್ಕಿತ್ತು, ಎಳೆದರೆ ಗಿಡವೇ ಹರಿಯುತ್ತಿತ್ತು. ಅದಕ್ಕೇ ಪ್ರತಿ ಗಿಡದಿಂದ ಕಾಂಡದ ತುಂಡು ಕತ್ತರಿಸಿ, ಒದ್ದೆ ಪಾಚಿಯಲ್ಲಿ ಸುತ್ತಿ, ಚೀಲಕ್ಕೆ ಹಾಕಿದಳು.

ಧಡಾರ್!

ಬೆಟ್ಟ ಅದುರಿತು. ತಲೆಯ ಪಕ್ಕ ಕಲ್ಲು ಹಾದುಹೋಯಿತು. ಕಾಲ ಕೆಳಗಿನ ಚಾಚುಗಲ್ಲು ಕಳಚಿ ಕಂದಕಕ್ಕೆ ಬಿತ್ತು. ಹಗ್ಗದಲ್ಲಿ ನೇತಾಡುತ್ತ ಅವಳು ಬಂಡೆಗೆ ಬಡಿದಳು. ಚೀಲದ ಪಟ್ಟಿ ಹರಿಯಿತು. ಚೀಲ ಜಾರಿ ಒಂದು ಬೇರಿಗೆ ಸಿಕ್ಕಿಕೊಂಡಿತು.

"ಬಿಡೇ ಅದನ್ನ! ಹಗ್ಗ ಸವೀತಿದೆ!" ಅಕ್ಕ ಕಿರುಚಿದಳು.

"ಬಿಡಲ್ಲ!"

"ಸಾಯೋಕೆ ಬಂದ್ಯಾ?"

"ಇದು ಸಾಯಬಾರದು ಅಂತ ಬಂದೆ!"

ಬಂಡೆಗೆ ಒದ್ದು ತೂಗಿದಳು. ಕೈಗೆ ಸಿಗಲಿಲ್ಲ. ಮತ್ತೆ ಒದ್ದಳು. ಬೆರಳು ಚೀಲಕ್ಕೆ ತಗುಲಿತು. ಬಾಚಿಕೊಂಡು ಹಲ್ಲಲ್ಲಿ ಕಚ್ಚಿ ಹತ್ತತೊಡಗಿದಳು.

ಅಂಚು ತಲುಪುವಷ್ಟರಲ್ಲಿ ತೋಳು ಸೋತಿತು. ಆಗ ಮೇಲಿನಿಂದ ಒಂದು ಕೈ ಇಳಿದು ಬಂದು ಅವಳ ಮಣಿಕಟ್ಟು ಹಿಡಿಯಿತು. ಭಾವ ಬಂಡೆಯಂಚಿನಲ್ಲಿ ಬೋರಲು ಮಲಗಿದ್ದರು. ಮುಖ ಬಿಳಿಚಿತ್ತು. ಕಣ್ಣು ಮಾತ್ರ ತೆರೆದಿತ್ತು.

ಮೂವರೂ ಕೆಸರು ಮೆತ್ತಿಕೊಂಡು ಉದ್ಯಾನ ತಲುಪಿದಾಗ ಬೆಳಕು ಇನ್ನೂ ಇತ್ತು. ಹಳ್ಳದಲ್ಲಿ ಜಾರಿಬಿದ್ದಾಗ ಸೀಸೆಗೆ ನೀರು ನುಗ್ಗಿತ್ತು. ಪರಾಗ ಮುಕ್ಕಾಲು ಪಾಲು ಮುದ್ದೆಯಾಗಿತ್ತು. ಮುಚ್ಚಳಕ್ಕೆ ಅಂಟಿದ ಒಂದಿಷ್ಟು ಮಾತ್ರ ಒಣಗಿಯೇ ಉಳಿದಿತ್ತು. ಅದನ್ನೇ ಕುಂಚದ ತುದಿಯಲ್ಲಿ ತೆಗೆದು, ಉಸಿರು ಬಿಗಿಹಿಡಿದು, ಹೆಣ್ಣು ಹೂಗಳಿಗೆ ಮುಟ್ಟಿಸಿದಳು.

ಮರುದಿನ ದೂರದ ಸದ್ದಿಗೆ ಗಾಜಿನ ಮನೆ ಸಣ್ಣಗೆ ಕಂಪಿಸಿತು. ಬಿಳಿ ಬಂಡೆ ಹೋಯಿತು. ಅವಳು ಕಣ್ಣೊರೆಸಿಕೊಂಡು ಕಾಂಡದ ತುಂಡುಗಳನ್ನು ನೆಡುವುದನ್ನು ಮುಂದುವರಿಸಿದಳು.

ಬಹುಪಾಲು ತುಂಡುಗಳು ಕೊಳೆತವು. ಕೆಲವು ಬೇರು ಬಿಟ್ಟವು. ಹೂಗಳಲ್ಲಿ ಕಾಯಿ ಕಟ್ಟಿ, ಬಲಿತು, ಬಿರಿದು, ಕೂದಲೆಳೆಯಂಥ ಬೀಜ ಉದುರಿದವು. ಬಿತ್ತಿದ ಕೆಲವು ವಾರಗಳಲ್ಲಿ ಪಾಚಿಯ ಮೇಲೆ ಹಸಿರು ಚುಕ್ಕಿಗಳೆದ್ದವು.

ನಿರ್ದೇಶಕರು ಬಗ್ಗಿ ಬಹಳ ಹೊತ್ತು ನೋಡಿದರು. "ಸರಿಯಮ್ಮ. ಆದರೆ ಇವನ್ನ ನೆಡೋಕೆ ಬಂಡೆ ಎಲ್ಲಿದೆ?"

"ಹುಡುಕ್ತೀನಿ ಸಾರ್. ಸಿಗೋವರೆಗೂ ಇಲ್ಲೇ ಬೆಳೀತವೆ. ಅರ್ಧ ಬೇರೆ ಉದ್ಯಾನಗಳಿಗೆ ಹೋಗ್ತವೆ. ಇನ್ಮೇಲೆ ಯಾರೇ ಬಂದ್ರೂ ಒಂದೇ ಏಟಿಗೆ ಎಲ್ಲಾ ಮುಗಿಸೋಕಾಗಬಾರದು."

ಅವಳು ಸಸಿಗಳ ಟ್ರೇಯ ಒಂದು ಬದಿ ಎತ್ತಿದಳು. "ಭಾರ ಇದೆ. ಆ ಕಡೆ ಹಿಡ್ಕೊಳ್ಳಿ."

ನಿರ್ದೇಶಕರು ಅಂಗಿಯ ತೋಳು ಮಡಚಿ ಟ್ರೇಯ ಇನ್ನೊಂದು ಬದಿ ಹಿಡಿದುಕೊಂಡರು.