ಮೂಗು ಹಿಂದಿನ ಗೇಟಿಗೆ, ಕಣ್ಣು ಮುಂದಿನ ಶಟರಿಗೆ

2025 ಫೆಬ್ರವರಿ 11, ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ.

ಕಬ್ಬಿಣದ ರಾಡು ನೇರ ನನ್ನ ತಲೆಗೇ ಬರುತ್ತಿತ್ತು.

ಬಲಗಿವಿಯ ಇಯರ್‌ಫೋನಿನಲ್ಲಿ ಮಾನಸಿ ಹೇಳಿದಳು. "ಬಗ್ರಿ!"

ಬಗ್ಗಿದೆ. ತುಸು ತಡವಾಗಿ...

ಎಡಗಿವಿ ಅರ್ಧ ಹರಿಯಿತು. ಬಿಸಿ ರಕ್ತ ಕಾಲರಿನೊಳಗೆ ಇಳಿಯಿತು. ಬೂಟುಗಾಲಿನಿಂದ ಅವನ ಮೊಣಕಾಲಿಗೆ ಒದ್ದೆ. ಏನೋ ಲಟಕ್ಕೆಂದಿತು. ಬಿದ್ದರೂ ಅವನು ರಾಡು ಬಿಡಲಿಲ್ಲ.

ತಾರಿಹಾಳದ ಆ ಶೆಡ್ಡಿನ ನಡುವೆ ಕುರ್ಚಿಗೆ ಕಟ್ಟಿಹಾಕಿದ್ದ ಗುರುಬಸವ ಇದನ್ನೆಲ್ಲ ನೋಡುತ್ತಿದ್ದ. ಲಾರಿ ಡ್ರೈವರ್. ವಿಶಾಲ ಎಂಬವನು ಮಾಡಿದ ಕೊಲೆಯನ್ನು ಕಣ್ಣಾರೆ ಕಂಡವನು. ಮರುದಿನ ಧಾರವಾಡದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಅವನನ್ನು ಹೊತ್ತೊಯ್ದ ವಿಶಾಲ, ಪೊಲೀಸರು ಬಂದರೆ ಮೊದಲು ಗಂಡನ ಕುತ್ತಿಗೆ ಹೋಗುತ್ತದೆ ಎಂದು ಗುರುಬಸವನ ಹೆಂಡತಿಗೆ ಫೋನ್ ಮಾಡಿದ್ದ. ಆಕೆ ಖಾಸಗಿ ಪತ್ತೇದಾರನಾದ ನನ್ನ ಬಳಿ ಬಂದಳು.

ಶೆಡ್ಡಿಗೆ ಎರಡು ಬಾಗಿಲು. ಒಳಗೆ ನಾಲ್ವರು. ನಾನು ಒಬ್ಬ. ಈ ಲೆಕ್ಕ ಸರಿಹೋದದ್ದು ಹೇಗೆಂದು ತಿಳಿಯಬೇಕಾದರೆ, ನೀವು ಅಂದು ಬೆಳಗಿನ ಮಾತು ಕೇಳಬೇಕು.

ಗೋಕುಲ ರಸ್ತೆಯಲ್ಲಿ ಫಿಜಾಳದು ಡ್ರೋನ್ ರಿಪೇರಿ ಅಂಗಡಿ. ಹಾರಿಸುವವಳು ಅವಳು. ಹೊಟ್ಟೆಯ ಕೆಳಗಿನ ಕ್ಯಾಮೆರಾ ತಿರುಗಿಸುವವಳು ಮಾನಸಿ. ಯಂತ್ರ ಒಂದು, ಕೈ ಇಬ್ಬರವು. ಮೇಲಿನ ಚಿತ್ರವನ್ನು ಕೆಳಗೆ ಯಾವ ವಿಡಿಯೋ ಸೆಟ್ಟಿನಲ್ಲಿ ಇಳಿಸುವುದು ಎಂಬುದೇ ಚರ್ಚೆ.

ಒಂದೇ ಡಿಜಿಟಲ್ ಸೆಟ್ ಹಾಕಿ ಇಬ್ಬರೂ ಅದನ್ನೇ ನೋಡೋಣ ಎಂದಳು ಫಿಜಾ. ನಾನು ಒಪ್ಪಲಿಲ್ಲ. ಎಂಎಸ್ಸಿಯಲ್ಲಿ ಓದಿದ ಭೌತಶಾಸ್ತ್ರ ನನ್ನ ಧಂದೆಗೆ ಬಂದದ್ದು ಕಡಿಮೆ, ಅಂದು ಬಂತು. ತಗಡಿನ ಶೆಡ್ಡುಗಳ ನಡುವೆ ತರಂಗಗಳು ಪುಟಿದು ಒಂದರ ಮೇಲೊಂದು ಬೀಳುತ್ತವೆ. ಆಗ ಡಿಜಿಟಲ್ ಚಿತ್ರ ಮುನ್ಸೂಚನೆಯಿಲ್ಲದೆ ನಿಂತುಬಿಡುತ್ತದೆ. ಹಾರಿಸುವವಳಿಗೆ ಚಿತ್ರ ನಿಂತರೆ ಡ್ರೋನ್ ಗೋಡೆಗೆ ಬಡಿದಂತೆಯೇ. ಹಳೆಯ ಅನಲಾಗ್‌ನಲ್ಲಿ ಚುಕ್ಕೆ ಉದುರುತ್ತವೆ, ಆದರೆ ಚಿತ್ರ ಓಡುತ್ತಲೇ ಇರುತ್ತದೆ. ಚಿತ್ರ ತಲುಪುವ ಡಿಲೇ ಡಿಜಿಟಲ್‌ನಲ್ಲಿ ಹೆಚ್ಚು, ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಮೆರಾದವಳಿಗೆ ಮುಖ ಗುರುತು ಸಿಗಬೇಕು. ಅವಳಿಗೆ ಡಿಜಿಟಲ್ ಇರಲಿ. ಡ್ರೋನಿನ ಮೂಗಿನ ಪುಟ್ಟ ಕ್ಯಾಮೆರಾದಿಂದ ಫಿಜಾಳ ಗಾಗಲ್ಸ್‌ಗೆ ಅನಲಾಗ್.

"ಅನಲಾಗ್ ಯಾರ್ ಬೇಕಾದ್ರೂ ಹಿಡೀತಾರ್ರಿ ಸರ," ಎಂದಳು ಫಿಜಾ. "ಹಫೀಜ ಮೊನ್ನಿ ಬಂದು ನನ್ನ ಚಾನೆಲ್ ಯಾವ್ದಂತ ಕೇಳ್ಕೊಂಡ್ ಹೋಗ್ಯಾನ. ಈಗ ಅಂವಾ ವಿಶಾಲನ ಮಗ್ಗಲದಾಗ ಅದಾನ."

"ಹಂಗಾರ ಚಾನೆಲ್ ಬದಲಿ ಮಾಡಬ್ಯಾಡ."

"ತಲಿ ನೆಟ್ಟಗ ಐತಿಲ್ರಿ?"

"ಹಫೀಜನ ಕೆಲಸ ಏನು?"

"ಮದವಿ ಶೂಟಿಂಗು..." ಎಂದವಳು ಅಲ್ಲಿಗೇ ನಿಂತಳು. ಆಮೇಲೆ ನಕ್ಕಳು.

ಮದುವೆ ಶೂಟಿಂಗಿನಲ್ಲಿ ಹಾರಿಸುವವನೂ ತೆಗೆಯುವವನೂ ಒಬ್ಬನೇ. ಮೂಗು ಎತ್ತಲೋ ಕಣ್ಣೂ ಅತ್ತಲೇ. ಹಫೀಜ ಎರಡನೆಯವರ ಜೊತೆ ಎಂದೂ ಕೆಲಸ ಮಾಡಿದವನಲ್ಲ.

ಮಧ್ಯಾಹ್ನ ಫಿಜಾ ಡ್ರೋನನ್ನು ಶೆಡ್ಡಿನ ಪಕ್ಕಕ್ಕೆ ತಂದು, ಮೂಗನ್ನು ಹಿಂದಿನ ಗೇಟಿಗೆ ತೋರಿಸುತ್ತ ಅಲ್ಲೇ ತೂಗಾಡಿಸಿದಳು. ಒಳಗೆ ಗಾಗಲ್ಸ್ ಹಾಕಿ ಅವಳ ಚಾನೆಲ್ ಹಿಡಿದು ಕೂತಿದ್ದ ಹಫೀಜನಿಗೆ ಕಂಡದ್ದು ಆ ಗೇಟು ಮಾತ್ರ; ನಾವು ನುಗ್ಗುವುದೂ ಅಲ್ಲಿಂದಲೇ ಎಂದುಕೊಂಡ. ಹೊಟ್ಟೆಯ ಕ್ಯಾಮೆರಾ ಮಾತ್ರ ಓರೆಯಾಗಿ ತಿರುಗಿ, ತೆರೆದಿದ್ದ ಮುಂದಿನ ಶಟರಿನೊಳಗೆ ಇಣುಕುತ್ತಿತ್ತು.

"ಮೂರ್ ಮಂದಿ ಹಿಂದಕ್ಕ ಓಡಾಕತ್ತಾರ್ರಿ," ಎಂದಳು ಮಾನಸಿ. "ಮುಂದ ಒಬ್ಬಾವ ಉಳದಾನ. ಹೋಗ್ರಿ."

ಆ ಒಬ್ಬನೇ ರಾಡಿನವನು.

ಅವನು ಏಳುವಷ್ಟರಲ್ಲಿ ಕೂದಲು ಹಿಡಿದು ಮುಖವನ್ನು ಲೇಥಿನ ಅಂಚಿಗೆ ಬಡಿದೆ. ಇನ್ನೊಮ್ಮೆ ಬಡಿದೆ. ಹಲ್ಲು ಸಿಮೆಂಟಿನ ಮೇಲೆ ಉರುಳಿದವು. ಗುರುಬಸವನ ಹಗ್ಗ ಕೊಯ್ಯುತ್ತಿದ್ದಾಗ ಹಿಂದಿನ ಗೇಟಿನಿಂದ ವಿಶಾಲ ವಾಪಸು ಬಂದ. ಕೈಯಲ್ಲಿ ಮಚ್ಚು.

"ಸಾಕ್ಷಿ ಹೇಳಾಂವಾ ಒಬ್ಬ ಇದ್ದ," ಎಂದ. "ಇಬ್ಬರಾದ್ರಿ. ಇರ್ಲಿ ಬಿಡು."

ಇಯರ್‌ಫೋನಿನಲ್ಲಿ ಮಾನಸಿ, ಚಿತ್ರ ನಿಂತಿತು, ನನಗೇನೂ ಕಾಣುತ್ತಿಲ್ಲ ಎಂದಳು. ಬೆನ್ನಿಗೇ ಫಿಜಾಳ ದನಿ. "ನನಗ ಕಾಣಾಕತ್ತೈತಿ. ನೆಲಕ್ಕ ಬೀಳ್ರಿ."

ಗುರುಬಸವನನ್ನು ಕುರ್ಚಿಸಮೇತ ಕೆಡವಿ ಮೇಲೆ ಬಿದ್ದೆ.

ಗೇಟಿನ ಬಳಿ ಹಫೀಜ ಇನ್ನೂ ಗಾಗಲ್ಸ್ ತೆಗೆದಿರಲಿಲ್ಲ. ಅದರೊಳಗೆ ಒಂದು ಬೆನ್ನು ದೊಡ್ಡದಾಗುತ್ತ ಬಂದದ್ದನ್ನು ಅವನು ನೋಡಿರಬೇಕು. ಅದು ಯಾರ ಬೆನ್ನೆಂದು ತಿಳಿದಾಗ, "ಅಣ್ಣಾರ..." ಎಂದ. ಅಷ್ಟೇ.

ಡ್ರೋನಿನ ನಾಲ್ಕು ರೆಕ್ಕೆಗಳು ವಿಶಾಲನ ಕತ್ತು, ಕೆನ್ನೆ, ಮಚ್ಚು ಹಿಡಿದ ಕೈ, ಎಲ್ಲವನ್ನೂ ಕೊಯ್ದವು. ಮಚ್ಚು ಬಿತ್ತು. ಅವನೂ ಬಿದ್ದ. ಉಳಿದಿಬ್ಬರು ಗೋಡೆ ಹಾರಿದರು. ಆಗ ಪೊಲೀಸರಿಗೆ ಫೋನ್ ಮಾಡಿದೆ.

ಮರುದಿನ ಗುರುಬಸವ ಸಾಕ್ಷಿ ಹೇಳಿದ. ವಿಶಾಲ ಸ್ಟ್ರೆಚರ್ ಮೇಲೆ ಮಲಗಿ ಕೇಳಿದ.

ಸಂಜೆ ಮಾನಸಿ ನನ್ನ ಕಿವಿಯ ಪಟ್ಟಿ ನೋಡಿ ಮುಖ ಸಣ್ಣ ಮಾಡಿದಳು. ತಪ್ಪು ಅವಳದಲ್ಲ ಎಂದೆ. ಡ್ರೋನ್ ಚೂರಾಗಿದ್ದರೂ ಹೊಟ್ಟೆಯ ಕ್ಯಾಮೆರಾ, ಡಿಜಿಟಲ್ ಸೆಟ್ ಉಳಿದಿದ್ದವು. ಕ್ಯಾಮೆರಾದ ಮುಂದೆ ಸ್ಟಾಪ್‌ವಾಚ್ ಇಟ್ಟು, ಅದನ್ನೂ ಅವಳ ಪರದೆಯನ್ನೂ ಒಂದೇ ಫೋಟೋದಲ್ಲಿ ಹಿಡಿದು, ಚಿತ್ರ ಅವಳಿಗೆ ಎಷ್ಟು ತಡವಾಗಿ ತಲುಪುತ್ತಿತ್ತೆಂದು ಒಂದು ಅಂಕಿಯಿಂದ ಇನ್ನೊಂದನ್ನು ಕಳೆದೆ. ನನ್ನ ಅರ್ಧ ಕಿವಿಯ ಅಳತೆ ಸಿಕ್ಕಿತು.

140 ಮಿಲಿಸೆಕೆಂಡು.