ಭತ್ತದ ಕೋಣೆಯಲ್ಲಿ ಹೊಲಿಗೆ ಕ್ಲಾಸು

"ಇಳಿಸ್ರೀ ಆ ಮಿಷನ್ನು! ಈಗ್ಲೇ ಇಳಿಸ್ರೀ!"

ಮಂಡ್ಯದ ನಡುಬೀದಿಯಲ್ಲಿ ಟ್ರ್ಯಾಕ್ಟರಿಗೆ ಅಡ್ಡ ನಿಂತಿದ್ದಳು ಅರ್ಪಿತ. ಅಬ್ಬಾ, ಆ ಕೋಪ ನೋಡಬೇಕಿತ್ತು ನೀವು!

ಕೋಪ ಬರದೆ ಇನ್ನೇನು? ಬರ್ಮಾದಿಂದ ಜೀವ ಉಳಿಸಿಕೊಂಡು ಓಡಿಬಂದ ಹೆಂಗಸರಿಗೆ ಅವಳು ಕನ್ನಡ, ಹೊಲಿಗೆ ಕಲಿಸುತ್ತಿದ್ದ ಕೇಂದ್ರದ ಮಿಷನ್ನುಗಳು ಅವು. ಹೊರದೇಶದ ನೆರವು ಕಡಿಮೆಯಾದದ್ದೇ ತಡ, ಮೊದಲು ಡಾಕ್ಟರು ಬರುವುದು ನಿಂತಿತು. ಆಮೇಲೆ ಆಸ್ಪತ್ರೆಗೆ ಜೊತೆಗೆ ಹೋಗಿ ಮಾತು ತಿಳಿಸಿಕೊಡುತ್ತಿದ್ದ ಹುಡುಗಿಯ ಕೆಲಸ ಹೋಯಿತು. ಇವತ್ತು ಕಟ್ಟಡವೂ ಖಾಲಿ! ಈಗ ಯಾರೋ ಒಬ್ಬ ಹೊಲಿಗೆ ಮಿಷನ್ನುಗಳನ್ನೂ ಹೇರಿಕೊಂಡು ಹೊರಟಿದ್ದಾನೆ...

"ಇರೋದೊಂದು ದಾರಿನೂ ಕಿತ್ಕೊಳ್ತೀರಲ್ಲ, ನಾಚಿಕೆ ಆಗಲ್ವಾ?"

"ಮೇಡಂ, ವಸಿ ಉಸ್ರು ತಗಳಿ," ಎಂದ ಟ್ರ್ಯಾಕ್ಟರ್ ಓಡಿಸುತ್ತಿದ್ದ ರಘುನಂದನ್. "ಕದ್ಕಂಡು ಓಯ್ತಿಲ್ಲ. ಕೊತ್ತತ್ತಿಗೆ, ನಮ್ಮನೆಗೆ ಓಯ್ತೀನಿ. ಭತ್ತದ ಕೋಣೆ ಖಾಲಿ ಅದೆ, ಕ್ಲಾಸು ಅಲ್ಲೇ ಮಾಡ್ಕಳಿ."

ಟ್ರೇಲರಿನಿಂದ ಸುಯಿ ಇಣುಕಿದಳು. ಬರ್ಮಾದಿಂದ ಬಂದು ಕೇಂದ್ರದಲ್ಲಿ ಹೊಲಿಗೆ ಕಲಿತು, ರಘುವಿನ ಅವ್ವ ಹೊಂಬಾಳಮ್ಮನಿಗೆ ರವಿಕೆ ಹೊಲಿದುಕೊಡುವವಳು ಅವಳೇ. "ನಾನೇ ಅವ್ವನ್ನ ಕೇಳ್ದೆ ಕಣಕ್ಕ! ಸುಮ್ಕೆ ಬೈಬ್ಯಾಡ!"

ಅರ್ಪಿತಳ ಮುಖ ಕೆಂಪಾಯಿತು. ಅಯ್ಯೋ ದೇವರೇ... ಭೂಮಿ ಬಾಯಿ ಬಿಡಬಾರದಾ!

ಅಂದಿನಿಂದ ಸಂಬಳವಿಲ್ಲದಿದ್ದರೂ ಅವಳು ದಿನಾ ಬಸ್ಸು ಹತ್ತಿ ಕೊತ್ತತ್ತಿಗೆ ಬಂದಳು. ಪಾಠ ಕೇಳುವ ನೆಪದಲ್ಲಿ ರಘು ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ನೋಡಲಿ ಎಂದು ಅವಳಿಗೂ ಆಸೆ, ಸುಳ್ಳೇಕೆ ಹೇಳಲಿ!

ಕೊಯ್ಲು ಬಂತು. ಕೋಣೆ ಇನ್ನು ಭತ್ತಕ್ಕೆ ಬೇಕೇ ಬೇಕು.

'ಇವರನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಅವನನ್ನ ಯಾವ ಬಾಯಲ್ಲಿ ಕೇಳ್ಲಿ...'

ಕಣ್ಣೊರೆಸಿಕೊಂಡು ಬಟ್ಟೆಗಳನ್ನು ಮಡಿಸತೊಡಗಿದಳು. ಅಷ್ಟರಲ್ಲಿ ಟ್ರ್ಯಾಕ್ಟರ್ ಸದ್ದು! ಓಡಿಬಂದು ನೋಡಿದರೆ ಟ್ರೇಲರ್ ಖಾಲಿ.

"ಭತ್ತ ಎಲ್ರೀ?"

"ಗದ್ದೆಯಿಂದ್ಲೇ ಮಿಲ್ಲಿಗೆ ಆಕ್ಬುಟ್ಟೆ."

"ಈಗ ರೇಟೇ ಇಲ್ವಲ್ಲ! ಇಟ್ಕೊಂಡು ಮಾರಿದ್ರೆ..."

"ಇಟ್ಕಳಕ್ಕೆ ಜಾಗ ಎಲ್ಲದೆ? ಅಲ್ಲಿ ನೀವಿದ್ದೀರಲ್ಲ."

ಅವಳು ಟ್ರ್ಯಾಕ್ಟರಿನ ಹತ್ತಿರ ಬಂದಳು. "ನಮ್ಮ ಹೆಂಗಸರಿಗೋಸ್ಕರ ಇಷ್ಟೊಂದು..."

"ಅವ್ರಿಗೂ ಔದು." ಅವನು ತಲೆ ತಗ್ಗಿಸಿದ. "ನೀವು ಬರ್ದೇ ಇದ್ರೆ ನಂಗಾಗಕಿಲ್ಲ ಮೇಡಂ. ನೀವಂದ್ರೆ ಪ್ರಾಣ ಕಣ್ರೀ!"

"ಮೊದ್ಲು ಈ ಮೇಡಂ ಅನ್ನೋದು ಬಿಡಿ!"

ಪಾಪ, ಹೆದರಿಬಿಟ್ಟ. "ಮತ್ತೇನನ್ಲಿ?"

"ಅರ್ಪಿತ ಅನ್ನಿ. ನಮ್ಮಪ್ಪನ ಹತ್ರ ಹೆಸ್ರು ಹಿಡಿದೇ ಕೇಳ್ಬೇಕಲ್ವಾ?"

"ಏನ್ ಕೇಳ್ಬೇಕು?"

"ನನ್ನನ್ನ!"

ಒಳಗಿನಿಂದ ಸುಯಿ ಕಿಸಕ್ಕನೆ ನಕ್ಕಳು.

"ಅತ್ತಿ ಟ್ರ್ಯಾಕ್ಟ್ರು, ಈಗ್ಲೇ ಓಗವಾ!" ಎಂದ ರಘು.

"ಆಹಾ... ಕ್ಲಾಸು ಯಾರು ಮಾಡ್ತಾರೆ? ಮುಗಿಯೋವರ್ಗೂ ಕಾಯಿರಿ!"